ಯುವಜನರಿಗೆ ಕೆಲಸ ಕೊಟ್ಟರೆ ಸಾಲದು, ತೀರ್ಮಾನವನ್ನೂ ಕೊಡಬೇಕು

"ಈಗಿನ ಹುಡುಗರಿಗೆ ಊರಿನ ಚಿಂತೆಯೇ ಇಲ್ಲ, ದಿನವಿಡೀ ಫೋನು." ಈ ಮಾತನ್ನು ಎಲ್ಲಾ ಕಡೆ ಕೇಳುತ್ತೇವೆ. ಸಭೆಗೆ ಬರಲ್ಲ, ಮತ ಹಾಕಲ್ಲ, ಸಂಘಕ್ಕೆ ಸೇರಲ್ಲ ಎಂಬ ದೂರು ಅದರ ಬೆನ್ನಿಗೇ ಬರುತ್ತದೆ. ದೂರುವ ಮೊದಲು ಒಂದು ಲೆಕ್ಕ ನೋಡೋಣ. ಜಗತ್ತಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 30 ವರ್ಷದ ಒಳಗಿನವರು. ಆದರೆ ಜಗತ್ತಿನ ಸಂಸತ್ತುಗಳಲ್ಲಿ ಕೂತಿರುವವರ ಪೈಕಿ 30 ದಾಟದವರು ಅಂತರ ಸಂಸದೀಯ ಒಕ್ಕೂಟದ 2023ರ ಲೆಕ್ಕದಂತೆ ಶೇ. 2.8 ಮಾತ್ರ. ತಮ್ಮ ವಯಸ್ಸಿನವರು ಒಬ್ಬರೂ ಕಾಣದ ಕೋಣೆಯೊಳಗೆ ಯಾರಾದರೂ ಉತ್ಸಾಹದಿಂದ ಹೋಗುತ್ತಾರಾ?

ಜನ ಸಾರ್ವಜನಿಕ ಕೆಲಸದಿಂದ ಯಾಕೆ ದೂರ ಉಳಿಯುತ್ತಾರೆ ಎಂಬ ಪ್ರಶ್ನೆಗೆ ನನಗೆ ಇವತ್ತಿಗೂ ಸರಿ ಅನಿಸುವ ಉತ್ತರ 1995ರದ್ದು. ಸಿಡ್ನಿ ವೆರ್ಬಾ, ಕೇ ಶ್ಲಾಜ್‌ಮನ್, ಹೆನ್ರಿ ಬ್ರೇಡಿ ಎಂಬ ಮೂವರು ಅಮೆರಿಕದ ರಾಜಕೀಯಶಾಸ್ತ್ರಜ್ಞರು ಕೊಟ್ಟದ್ದು. ಅವರು ಹೇಳಿದ ಕಾರಣ ಮೂರು. ಕೆಲವರಿಗೆ ಆಗುವುದಿಲ್ಲ: ಸಮಯ, ದುಡ್ಡು, ತಿಳಿವಳಿಕೆ ಇರುವುದಿಲ್ಲ. ಕೆಲವರಿಗೆ ಮನಸ್ಸಿರುವುದಿಲ್ಲ. ಇನ್ನು ಕೆಲವರನ್ನು ಯಾರೂ ಕರೆದೇ ಇರುವುದಿಲ್ಲ. ಯುವಜನರ ವಿಷಯ ಬಂದಾಗ ನಾವು ಎರಡನೆಯ ಕಾರಣವನ್ನೇ ಹಿಡಿದು ಕೂರುತ್ತೇವೆ. ಮೊದಲನೆಯದನ್ನೂ ಮೂರನೆಯದನ್ನೂ ಸರಿಮಾಡಿದರೆ ಎರಡನೆಯದು ತಾನಾಗಿ ಸಡಿಲವಾಗುತ್ತದೆ ಎನ್ನುವುದು ನನ್ನ ಗಟ್ಟಿ ನಂಬಿಕೆ. ಅದಕ್ಕೆ ಇರುವ ಒಳ್ಳೆಯ ದಾರಿಗಳಲ್ಲಿ ಒಂದು ಸ್ವಯಂಸೇವೆ. ಆದರೆ ಎಲ್ಲಾ ಸ್ವಯಂಸೇವೆಯೂ ಅಲ್ಲ. ಏನಾದರೂ ಕಲಿಸುವ, ಕೊನೆಗೆ ಏನನ್ನಾದರೂ ತೀರ್ಮಾನಿಸುವ ಅಧಿಕಾರವನ್ನೂ ಕೈಗೆ ಕೊಡುವ ಸ್ವಯಂಸೇವೆ.

ಕರೆಯುವುದು ಹೇಗೆ

"ಸ್ವಯಂಸೇವಕರು ಬೇಕಾಗಿದ್ದಾರೆ" ಎಂದು ಒಂದು ಪೋಸ್ಟರ್ ಹಾಕಿ, ಯಾರೂ ಬರಲಿಲ್ಲ ಎಂದು ಬೇಸರ ಪಡುವ ಸಂಸ್ಥೆಗಳು ಬಹಳ. ಆ ಪೋಸ್ಟರ್ ನೋಡಿದ ಹತ್ತೊಂಬತ್ತರ ಹುಡುಗಿಯ ತಲೆಯಲ್ಲಿ ಏನು ಓಡುತ್ತದೆ ಎಂದು ಯೋಚಿಸಿ. ಏನು ಕೆಲಸ? ಎಷ್ಟು ಹೊತ್ತು? ಒಬ್ಬಳೇ ಹೋಗಬೇಕಾ? ನನಗೆ ಬರುತ್ತದಾ? ಒಂದು ಸಲ ಹೋದರೆ ಬಿಡುವುದು ಕಷ್ಟವಾ? ಪೋಸ್ಟರ್ ಇದ್ಯಾವುದಕ್ಕೂ ಉತ್ತರ ಹೇಳುವುದಿಲ್ಲ. ಅವಳು ಮುಂದಿನ ಪೋಸ್ಟಿಗೆ ಹೋಗುತ್ತಾಳೆ. ಅದನ್ನು ನಿರಾಸಕ್ತಿ ಅನ್ನುವುದು ಅನ್ಯಾಯ.

ಅದೇ ಮಾತನ್ನು ಹೀಗೆ ಹೇಳಿ ನೋಡಿ: "ಶನಿವಾರ ಎರಡು ಗಂಟೆ ಹೊತ್ತು, ನಮ್ಮ ಬಡಾವಣೆಯ ಫುಟ್‌ಪಾತ್‌ಗಳಲ್ಲಿ ಗಾಲಿಕುರ್ಚಿ ಎಲ್ಲಿ ಹೋಗುವುದಿಲ್ಲ ಎಂದು ಫೋನಿನಲ್ಲಿ ಗುರುತು ಹಾಕುವ ಕೆಲಸ. ಇಬ್ಬಿಬ್ಬರ ಜೋಡಿ. ಹೇಗೆ ಅಂತ ಅಲ್ಲೇ ತೋರಿಸುತ್ತೇವೆ. ನಾಲ್ಕು ಶನಿವಾರಕ್ಕೆ ಮುಗಿಯುತ್ತದೆ." ಇದರಲ್ಲಿ ಕೆಲಸ ಏನೆಂದು ಗೊತ್ತಾಗುತ್ತದೆ, ಎಷ್ಟು ಹೊತ್ತು ಎಂದು ಗೊತ್ತಾಗುತ್ತದೆ, ಕೊನೆ ಯಾವಾಗ ಎಂದೂ ಗೊತ್ತಾಗುತ್ತದೆ. ಈ ಕೊನೆ ಎನ್ನುವುದು ಬಹಳ ಮುಖ್ಯ. ಪರೀಕ್ಷೆ, ಕೆಲಸ ಹುಡುಕಾಟ, ಮನೆಯ ಜವಾಬ್ದಾರಿಗಳ ನಡುವೆ ಇರುವವರು ಕೊನೆಯಿಲ್ಲದ ಕೆಲಸಕ್ಕೆ ಕೈ ಹಾಕಲು ಹಿಂಜರಿಯುತ್ತಾರೆ. ನಾಲ್ಕು ವಾರದ್ದಕ್ಕೆ ಬಂದವರು ಖುಷಿಯಾದರೆ ಐದನೆಯ ವಾರವೂ ಬರುತ್ತಾರೆ.

ಇನ್ನೊಂದು ವಿಷಯ. ಈ ಮಾತನ್ನು ಒಬ್ಬರು ಇನ್ನೊಬ್ಬರಿಗೆ ಮುಖಾಮುಖಿ ಹೇಳಬೇಕು. ಅದರಲ್ಲೂ ಹಿಂದಿನ ಸಲ ಬಂದ ಹುಡುಗನೇ ತನ್ನ ಗೆಳೆಯನಿಗೆ ಹೇಳಿದರೆ ಅದರ ತೂಕ ಬೇರೆ. ಸಾಮಾಜಿಕ ಜಾಲತಾಣದ ಪೋಸ್ಟ್ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಕೈ ಹಿಡಿದು ಕರೆದ ಹಾಗೆ ಆಗುವುದಿಲ್ಲ.

ಒಂದು ಚೌಕ, ಒಂದು ಮನೆ

ಡಿಜಿಟಲ್ ಸ್ವಯಂಸೇವೆ ಎಂದರೆ ಏನೆಂದು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಒಂದನ್ನು ಹತ್ತಿರದಿಂದ ತೋರಿಸುವುದು ಒಳ್ಳೆಯದು.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆಯಿತು. ರಾಜಧಾನಿ ಪೋರ್ಟ್-ಓ-ಪ್ರಿನ್ಸ್ ನೆಲಕಚ್ಚಿತು. ನೆರವಿಗೆ ಹೋದವರಿಗೆ ದೊಡ್ಡ ತೊಡಕಾದದ್ದು ನಕ್ಷೆ. ನಗರದ ಬಹುಪಾಲು ಬೀದಿಗಳು ಯಾವ ಡಿಜಿಟಲ್ ನಕ್ಷೆಯಲ್ಲೂ ಸರಿಯಾಗಿ ಇರಲಿಲ್ಲ. ಆಗ ಓಪನ್‌ಸ್ಟ್ರೀಟ್‌ಮ್ಯಾಪ್ ನೆನಪಿಗೆ ಬಂತು. 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಳಸಬಹುದಾದ ನಕ್ಷೆ ಅದು. ಬೇರೆ ಬೇರೆ ದೇಶಗಳಲ್ಲಿ ಕೂತ ನೂರಾರು ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಬೀದಿ, ಕಟ್ಟಡ, ನಿರಾಶ್ರಿತರ ಡೇರೆಗಳನ್ನು ಗುರುತಿಸುತ್ತಾ ಹೋದರು. ಕೆಲವೇ ವಾರಗಳಲ್ಲಿ ಅಲ್ಲಿಯವರೆಗೆ ಇದ್ದ ನಕ್ಷೆಗಳಿಗಿಂತ ವಿವರವಾದ ನಕ್ಷೆ ಸಿದ್ಧವಾಯಿತು. ನೆರವು ತಂಡಗಳು ಅದನ್ನೇ ಹಿಡಿದು ಓಡಾಡಿದವು. 2015ರಲ್ಲಿ ನೇಪಾಳದ ಭೂಕಂಪದಲ್ಲಿ ಇದೇ ಕೆಲಸ ಇನ್ನೂ ದೊಡ್ಡದಾಗಿ ನಡೆಯಿತು. ಒಂದು ವ್ಯತ್ಯಾಸ ಏನೆಂದರೆ, ಅಲ್ಲಿ ಕಾಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಸ್ಥಳೀಯ ತಂಡ ಅದಕ್ಕೂ ಮೊದಲೇ ಶಾಲೆ, ಆಸ್ಪತ್ರೆಗಳನ್ನು ನಕ್ಷೆಗೆ ಸೇರಿಸುವ ಕೆಲಸಕ್ಕೆ ಕೈ ಹಾಕಿತ್ತು. ಕಷ್ಟ ಬಂದ ದಿನ ಸೊನ್ನೆಯಿಂದ ಶುರು ಮಾಡಬೇಕಾಗಲಿಲ್ಲ.

ಈ ಕೆಲಸ ಮಾಡುವುದು ಹೇಗೆ? ಗುರುತಿಸಬೇಕಾದ ಪ್ರದೇಶವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದಿರುತ್ತಾರೆ. ನೀವು ಒಂದು ಚೌಕ ಆರಿಸಿಕೊಂಡ ಕೂಡಲೇ ಅದು ನಿಮ್ಮ ಹೆಸರಿಗೆ ಬೀಗ ಬೀಳುತ್ತದೆ, ಇನ್ನೊಬ್ಬರು ಅದೇ ಜಾಗದಲ್ಲಿ ಕೈಯಾಡಿಸುವುದಿಲ್ಲ. ಪರದೆ ಮೇಲೆ ಆಕಾಶದಿಂದ ತೆಗೆದ ಚಿತ್ರ. ಒಂದು ಮನೆಯ ಮೂಲೆಯ ಮೇಲೆ ಮೌಸ್ ಇಟ್ಟು ಕ್ಲಿಕ್ ಮಾಡುತ್ತೀರಿ, ಮುಂದಿನ ಮೂಲೆಗೆ ಹೋಗುತ್ತೀರಿ, ನಾಲ್ಕೂ ಮೂಲೆ ಮುಗಿದ ಮೇಲೆ ಆಕಾರವನ್ನು ಮುಚ್ಚಿ ಅದು ಕಟ್ಟಡ ಎಂದು ಗುರುತು ಕೊಡುತ್ತೀರಿ. ಕೋನಗಳನ್ನು ಚೊಕ್ಕ ಮಾಡಲು ಒಂದು ಕೀಲಿ ಇದೆ. ಕೇಳಲು ಸುಲಭ. ಆದರೆ ಕಪ್ಪಗೆ ಕಾಣುತ್ತಿರುವುದು ಗೋಡೆಯಾ, ನೆರಳಾ? ಗುಂಡಗೆ ಕಾಣುತ್ತಿರುವುದು ಗುಡಿಸಲಾ, ಮರವಾ? ಎತ್ತರದ ಕಟ್ಟಡ ಚಿತ್ರದಲ್ಲಿ ವಾಲಿದಂತೆ ಕಾಣುತ್ತದೆ, ಗೆರೆ ಹಾಕಬೇಕಾದ್ದು ಚಾವಣಿಗಾ, ಬುಡಕ್ಕಾ? ಬುಡಕ್ಕೆ. ಚೌಕ ಮುಗಿದ ಮೇಲೆ ಹೆಚ್ಚು ಅನುಭವ ಇರುವ ಇನ್ನೊಬ್ಬ ಸ್ವಯಂಸೇವಕರು ಅದನ್ನು ಪರೀಕ್ಷಿಸುತ್ತಾರೆ. ತಪ್ಪಿದ್ದರೆ ಟಿಪ್ಪಣಿ ಬರೆದು ವಾಪಸ್ ಕಳಿಸುತ್ತಾರೆ. ಬಳಿಕ ಆ ಊರಿನವರೇ ನೆಲದ ಮೇಲೆ ಓಡಾಡಿ ಬೀದಿಗಳಿಗೆ, ಆಸ್ಪತ್ರೆಗಳಿಗೆ ಹೆಸರು ತುಂಬುತ್ತಾರೆ. ಆಕಾಶದಿಂದ ಹೆಸರು ಕಾಣುವುದಿಲ್ಲ ಅಲ್ವಾ.

ಈಗ ಯೋಚಿಸಿ, ಈ ಒಂದು ಚೌಕದಲ್ಲಿ ಹುಡುಗನೊಬ್ಬ ಏನೇನು ಕಲಿತ? ಭೌಗೋಳಿಕ ಮಾಹಿತಿಯನ್ನು ಓದುವುದು. ಗೊತ್ತಿಲ್ಲದ ಕಡೆ ಊಹಿಸಿ ತುಂಬದೆ ಬಿಡುವುದು. ತನ್ನ ತಪ್ಪನ್ನು ಮುಖ ಕಾಣದ ಯಾರೋ ತೋರಿಸಿದಾಗ ಕೋಪಿಸಿಕೊಳ್ಳದೆ ತಿದ್ದುವುದು. ತಾನು ಹಾಕಿದ ಗೆರೆಯ ಮೇಲೆ ಒಂದು ಲಸಿಕೆ ತಂಡ ಮನೆಗಳ ಲೆಕ್ಕ ಹಾಕುತ್ತದೆ ಎಂಬ ಹೊಣೆ. 2014ರಲ್ಲಿ ರೆಡ್‌ಕ್ರಾಸ್ ಮತ್ತು ಗಡಿರಹಿತ ವೈದ್ಯರ ಸಂಸ್ಥೆ ಸೇರಿ ಶುರು ಮಾಡಿದ ಮಿಸ್ಸಿಂಗ್ ಮ್ಯಾಪ್ಸ್ ಯೋಜನೆ ನಡೆಯುವುದು ಹೀಗೆಯೇ. ದುರಂತ ಬರುವ ಮೊದಲೇ ನಕ್ಷೆಯಲ್ಲಿಲ್ಲದ ಜನರನ್ನು ನಕ್ಷೆಗೆ ತರುವುದು ಅದರ ಕೆಲಸ. ಯೂತ್‌ಮ್ಯಾಪರ್ಸ್ ಎಂಬ ಜಾಲ 2015ರಿಂದ ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಗುಂಪು ಕಟ್ಟಿ ಇದೇ ಕೆಲಸ ಮಾಡುತ್ತಿದೆ. ಕಂಪ್ಯೂಟರ್ ತರಗತಿಯಲ್ಲಿ ಆರು ತಿಂಗಳು ಕೂತರೂ ಬರದ ಶ್ರದ್ಧೆ ಇಲ್ಲಿ ಬೇಗ ಬರುತ್ತದೆ. ಯಾಕೆಂದರೆ ಇದು ಅಭ್ಯಾಸಕ್ಕೆ ಕೊಟ್ಟ ಲೆಕ್ಕವಲ್ಲ, ನಿಜವಾದ ಮನೆ.

ಫೋನು ಹಿಡಿದವರಿಗೆಲ್ಲಾ ಡಿಜಿಟಲ್ ಜ್ಞಾನ ಇರುತ್ತದಾ

"ಅವರಿಗೇನು ಕಲಿಸುವುದು, ನಮಗಿಂತ ಜಾಸ್ತಿ ಗೊತ್ತು" ಎಂದು ಹಿರಿಯರು ಹೇಳುತ್ತಾರೆ. ಅರ್ಧ ನಿಜ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ 15ರಿಂದ 24 ವಯಸ್ಸಿನವರಲ್ಲಿ ಶೇ. 79 ಮಂದಿ ಇಂಟರ್‌ನೆಟ್ ಬಳಸುತ್ತಾರೆ, ಉಳಿದ ವಯಸ್ಸಿನವರಲ್ಲಿ ಶೇ. 66. ಬಳಕೆಯಲ್ಲಿ ಅವರು ಮುಂದಿದ್ದಾರೆ, ಸರಿ. ಆದರೆ ಬಳಸುವುದೇ ಬೇರೆ, ತೂಗಿ ನೋಡುವುದೇ ಬೇರೆ. ಹಲವು ದೇಶಗಳ ಎಂಟನೆಯ ತರಗತಿ ಮಕ್ಕಳ ಕಂಪ್ಯೂಟರ್ ಮತ್ತು ಮಾಹಿತಿ ಸಾಕ್ಷರತೆಯನ್ನು ಅಳೆಯುವ ಅಧ್ಯಯನವೊಂದು 2018ರಲ್ಲಿ ನಡೆಯಿತು. ಅದರಲ್ಲಿ ಅತಿ ಮೇಲಿನ ಮಟ್ಟ, ಅಂದರೆ ಸಿಕ್ಕ ಮಾಹಿತಿಯನ್ನು ವಿಮರ್ಶೆ ಮಾಡಿ ಸ್ವಂತವಾಗಿ ಬಳಸುವ ಮಟ್ಟ ಮುಟ್ಟಿದವರು ಶೇ. 2 ಮಾತ್ರ. ಫೋನಿನ ಜೊತೆ ಬೆಳೆದ ಮಾತ್ರಕ್ಕೆ ಈ ಬುದ್ಧಿ ಬರುವುದಿಲ್ಲ. ಯಾರಾದರೂ ಕಲಿಸಬೇಕು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಹೊರತಂದ ಒಂದು ಅಧ್ಯಯನ ಈ ವಿಷಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅವರು 10 ಮಂದಿ ಇತಿಹಾಸಕಾರರು, 10 ಮಂದಿ ವೃತ್ತಿಪರ ಸತ್ಯಶೋಧಕರು, ಅಂದರೆ ಫ್ಯಾಕ್ಟ್ ಚೆಕರ್‌ಗಳು, ಮತ್ತು ಅದೇ ವಿಶ್ವವಿದ್ಯಾಲಯದ 25 ವಿದ್ಯಾರ್ಥಿಗಳನ್ನು ಕೂರಿಸಿ ಕೆಲವು ಜಾಲತಾಣ ತೋರಿಸಿದರು. ಅದರಲ್ಲಿ ಎರಡು ಮಕ್ಕಳ ವೈದ್ಯರ ಸಂಘಗಳದ್ದು. ಮೊದಲನೆಯದು ಅಮೆರಿಕದ ಬಹುಪಾಲು ಮಕ್ಕಳ ವೈದ್ಯರು ಸದಸ್ಯರಾಗಿರುವ ಹಳೆಯ ಸಂಘ. ಇನ್ನೊಂದು ಅದರಿಂದ ಒಡೆದು ಬಂದ, ಒಂದು ನಿರ್ದಿಷ್ಟ ನಿಲುವು ಹಿಡಿದ ಸಣ್ಣ ಗುಂಪು. ಹೆಸರೂ ಹೆಚ್ಚುಕಡಿಮೆ ಒಂದೇ, ವಿನ್ಯಾಸವೂ ಅಚ್ಚುಕಟ್ಟು. ಹೆಚ್ಚಿನ ವಿದ್ಯಾರ್ಥಿಗಳು ಸಣ್ಣ ಗುಂಪನ್ನೇ ಹೆಚ್ಚು ನಂಬಲರ್ಹ ಎಂದರು. ಇತಿಹಾಸಕಾರರಲ್ಲೂ ಕೆಲವರು ಗೊಂದಲಕ್ಕೆ ಬಿದ್ದರು. ಸತ್ಯಶೋಧಕರು ಮಾತ್ರ ಒಬ್ಬರೂ ಮೋಸ ಹೋಗಲಿಲ್ಲ.

ಅವರು ಮಾಡಿದ್ದು ಏನು ಗೊತ್ತಾ? ವಿದ್ಯಾರ್ಥಿಗಳು ಪುಟವನ್ನು ಮೇಲಿಂದ ಕೆಳಗೆ ಓದುತ್ತಾ ಕೂತರು. ಚೆನ್ನಾಗಿ ಬರೆದಿದ್ದಾರೆ, ಲೋಗೋ ಚೆನ್ನಾಗಿದೆ, ಉಲ್ಲೇಖಗಳು ಇವೆ ಎಂದು ನೋಡಿದರು. ಸತ್ಯಶೋಧಕರು ಪುಟಕ್ಕೆ ಬಂದು ಸ್ವಲ್ಪ ಹೊತ್ತಿಗೇ ಅದನ್ನು ಬಿಟ್ಟು ಹೊರಗೆ ಹೋದರು. ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು. ಅಷ್ಟೇ. ಒಂದು ಪುಟ ತನ್ನ ಬಗ್ಗೆ ತಾನು ಏನು ಹೇಳಿಕೊಳ್ಳುತ್ತದೆ ಎನ್ನುವುದಕ್ಕಿಂತ ಬೇರೆಯವರ ಮಾತು ಮುಖ್ಯ ಎಂಬ ಅಭ್ಯಾಸ ಅದು. ಇದನ್ನು ಒಂದು ಮಧ್ಯಾಹ್ನದಲ್ಲಿ ತೋರಿಸಿಕೊಡಬಹುದು. ಆದರೆ ಕೈಗೆ ಹತ್ತಬೇಕಾದರೆ ಮತ್ತೆ ಮತ್ತೆ ಮಾಡಬೇಕು. ಅದಕ್ಕೆ ಸ್ವಯಂಸೇವೆ ಒಳ್ಳೆಯ ಜಾಗ. ವಿಕಿಪೀಡಿಯಕ್ಕೆ ಒಂದು ಲೇಖನ ಬರೆಯಲು ಹೊರಟ ಹುಡುಗಿ ಪ್ರತಿ ವಾಕ್ಯಕ್ಕೂ ಆಧಾರ ಹುಡುಕಬೇಕಾಗುತ್ತದೆ, ಆ ಆಧಾರ ನಂಬಲರ್ಹವಾ ಎಂದು ಇನ್ನೊಬ್ಬರ ಜೊತೆ ವಾದ ಮಾಡಬೇಕಾಗುತ್ತದೆ. ಬಡಾವಣೆಯ ಸುದ್ದಿ ಗುಂಪಿನಲ್ಲಿ ಬರುವ ವದಂತಿಗಳನ್ನು ಪರೀಕ್ಷಿಸುವ ಹೊಣೆ ಹೊತ್ತ ಹುಡುಗರು ಫಾರ್ವರ್ಡ್ ಗುಂಡಿ ಒತ್ತುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಡಿಜಿಟಲ್ ಕೌಶಲ ಎಂದರೆ ಏನೇನು ಎಂದು ಹೇಳಲು ಯುರೋಪಿಯನ್ ಒಕ್ಕೂಟ 2013ರಲ್ಲಿ ಡಿಜ್‌ಕಾಂಪ್ ಎಂಬ ಚೌಕಟ್ಟು ಮಾಡಿತು. ಮಾಹಿತಿಯನ್ನು ಅರಿಯುವುದು, ಇತರರ ಜೊತೆ ಸೇರಿ ಕೆಲಸ ಮಾಡುವುದು, ಹೊಸದನ್ನು ತಯಾರಿಸುವುದು, ಸುರಕ್ಷತೆ, ತೊಡಕು ಬಿಡಿಸುವುದು ಹೀಗೆ ಐದು ಭಾಗ. ತರಬೇತಿ ರೂಪಿಸುವವರಿಗೆ ಇದು ಒಳ್ಳೆಯ ಪಟ್ಟಿ. ಆದರೆ ಈ ಐದನ್ನು ಐದು ಪಾಠ ಮಾಡಿ ಹೇಳಬೇಡಿ ಎನ್ನುವುದು ನನ್ನ ಕೋರಿಕೆ. ಮೇಲೆ ಹೇಳಿದ ನಕ್ಷೆಯ ಒಂದು ಚೌಕದಲ್ಲಿ ಐದೂ ಬಂದು ಹೋಗುತ್ತವೆ.

ಬಾಗಿಲ ಹೊರಗೆ ಉಳಿದವರು

ಸ್ವಯಂಸೇವೆಗೆ ಸಂಬಳ ಇಲ್ಲ, ಖರ್ಚು ಮಾತ್ರ ಇದೆ. ಬಸ್ಸಿಗೆ ದುಡ್ಡು ಬೇಕು, ಡೇಟಾ ಬೇಕು, ಆ ದಿನ ದುಡಿದರೆ ಸಿಗಬಹುದಾಗಿದ್ದ ಕೂಲಿ ಹೋಗುತ್ತದೆ. ಈ ಖರ್ಚನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬರುವವರು ಯಾರು? ಮನೆಯಲ್ಲಿ ಅನುಕೂಲ ಇರುವವರು. ಅವರು ಬರಲಿ, ತಪ್ಪಿಲ್ಲ. ಆದರೆ ಅನುಭವ, ಪರಿಚಯ, ಪ್ರಮಾಣಪತ್ರ ಎಲ್ಲಾ ಅವರಿಗೇ ಹೋಗಿ, ಈಗಾಗಲೇ ಮುಂದಿದ್ದವರು ಇನ್ನೂ ಮುಂದೆ ಹೋಗುತ್ತಾರೆ. ಎಲ್ಲರನ್ನೂ ಒಳಗೊಳ್ಳಬೇಕೆಂದು ಹೊರಟ ಕಾರ್ಯಕ್ರಮವೇ ಅಂತರ ಹೆಚ್ಚಿಸಿಬಿಡುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನ ಯುವಜನರಲ್ಲಿ ಐದರಲ್ಲಿ ಒಬ್ಬರು ಓದಿನಲ್ಲೂ ಇಲ್ಲ, ಉದ್ಯೋಗದಲ್ಲೂ ಇಲ್ಲ, ತರಬೇತಿಯಲ್ಲೂ ಇಲ್ಲ. ಅಂಥವರಲ್ಲಿ ಮೂವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಿದ ಕರೆ ಇವರಿಗೆ ತಲುಪುವುದೇ ಇಲ್ಲ. ಇವರಲ್ಲಿ ಬಹಳಷ್ಟು ಮಂದಿ ಮನೆಯಲ್ಲಿ ಚಿಕ್ಕವರನ್ನು, ವಯಸ್ಸಾದವರನ್ನು ನೋಡಿಕೊಳ್ಳುತ್ತಿರುತ್ತಾರೆ. ಅವರಿಗೆ ಬಿಡುವು ಇಲ್ಲ ಎಂದಲ್ಲ, ಬಿಡುವು ಇರುವುದು ಬೇರೆ ಹೊತ್ತಿನಲ್ಲಿ, ಮನೆಯೊಳಗೆ.

ಇಲ್ಲಿ ಡಿಜಿಟಲ್ ದಾರಿ ನಿಜಕ್ಕೂ ಕೈ ಹಿಡಿಯುತ್ತದೆ. ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ 1970ರಲ್ಲಿ ಹುಟ್ಟಿತು, 2000ದಲ್ಲಿ ಆನ್‌ಲೈನ್ ಸ್ವಯಂಸೇವೆ ಶುರು ಮಾಡಿತು. ಅನುವಾದ, ವಿನ್ಯಾಸ, ಸಂಶೋಧನೆಯಂಥ ಕೆಲಸಗಳನ್ನು ಮನೆಯಿಂದಲೇ ಮಾಡಬಹುದು. ಹೊರಗೆ ಓಡಾಡುವುದು ಕಷ್ಟವಾಗಿರುವ ಅಂಗವಿಕಲರಿಗೆ, ಮನೆ ಬಿಟ್ಟು ಬರಲಾಗದ ತಾಯಂದಿರಿಗೆ ಇದು ಬಾಗಿಲು ತೆರೆಯಿತು. ಆದರೆ ಅದೇ ಬಾಗಿಲು ಇನ್ನೊಬ್ಬರಿಗೆ ಮುಚ್ಚುತ್ತದೆ ಎನ್ನುವುದನ್ನೂ ಮರೆಯಬಾರದು. ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ ಆಗಲೂ ಜಗತ್ತಿನಲ್ಲಿ ಸುಮಾರು 260 ಕೋಟಿ ಜನ ಇಂಟರ್‌ನೆಟ್‌ನಿಂದ ಹೊರಗಿದ್ದರು. ಇನ್ನೆಷ್ಟೋ ಮನೆಗಳಲ್ಲಿ ಒಂದೇ ಫೋನು, ಅದೂ ಅಣ್ಣನ ಕೈಯಲ್ಲಿ. ಹಾಗಾಗಿ ಆನ್‌ಲೈನ್ ಕೆಲಸ ಇಟ್ಟವರು ಗ್ರಂಥಾಲಯದಲ್ಲೋ ಸಮುದಾಯ ಭವನದಲ್ಲೋ ನಾಲ್ಕು ಕಂಪ್ಯೂಟರ್ ಕೂಡ ಇಡಬೇಕು. ವಿಡಿಯೊದ ಮಾತು ಅಕ್ಷರದಲ್ಲೂ ಕಾಣುವ ಹಾಗೆ ಮಾಡಬೇಕು. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದಲಾಗದ ಫಾರ್ಮ್ ಕಳಿಸಿ "ಎಲ್ಲರಿಗೂ ಸ್ವಾಗತ" ಎಂದು ಬರೆದರೆ ಅದಕ್ಕೆ ಅರ್ಥ ಇಲ್ಲ.

ಖರ್ಚಿನ ವಿಷಯದಲ್ಲಿ ಯುರೋಪಿನ ಸಾಲಿಡಾರಿಟಿ ಕೋರ್ ನೋಡಿ ಕಲಿಯಬಹುದು. ಮುಖ್ಯವಾಗಿ 18ರಿಂದ 30 ವರ್ಷದವರಿಗಾಗಿ ಇರುವ ಈ ಯೋಜನೆಯಲ್ಲಿ ಪ್ರಯಾಣ, ಊಟ, ವಸತಿ, ವಿಮೆ ಎಲ್ಲವನ್ನೂ ಯೋಜನೆಯೇ ನೋಡಿಕೊಳ್ಳುತ್ತದೆ, ಕೈಖರ್ಚಿಗೂ ಸ್ವಲ್ಪ ಕೊಡುತ್ತದೆ. ಎಲ್ಲಾ ಸಂಸ್ಥೆಗೂ ಅಷ್ಟು ಶಕ್ತಿ ಇರಲಿಕ್ಕಿಲ್ಲ. ಬಸ್ ಚಾರ್ಜು ಮತ್ತು ಡೇಟಾ ಖರ್ಚನ್ನು, ಯಾರೂ ಬಾಯಿಬಿಟ್ಟು ಕೇಳುವ ಮೊದಲೇ, ಎಲ್ಲರಿಗೂ ಒಂದೇ ಸಮ ಕೊಡುವ ಶಕ್ತಿಯಾದರೂ ಇರಬೇಕು. ಕೇಳಿದವರಿಗೆ ಮಾತ್ರ ಕೊಡುತ್ತೇವೆ ಅಂದರೆ ಬೇಕಾದವರೇ ಸಂಕೋಚದಿಂದ ಸುಮ್ನಾಗಿಬಿಡುತ್ತಾರೆ.

ಕಲಿತದ್ದನ್ನು ಬರೆದು ಕೊಡುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. "ಉತ್ಸಾಹದಿಂದ ಭಾಗವಹಿಸಿದ್ದಾರೆ" ಎಂಬ ಪ್ರಮಾಣಪತ್ರ ಉದ್ಯೋಗಕ್ಕೆ ಹೋದಾಗ ಯಾವ ಕೆಲಸಕ್ಕೂ ಬರುವುದಿಲ್ಲ. "ಮೂರು ತಿಂಗಳು ಇಷ್ಟು ಜನರ ತಂಡ ನಡೆಸಿದರು, ಸ್ಪ್ರೆಡ್‌ಶೀಟಿನಲ್ಲಿ ದೂರುಗಳ ಲೆಕ್ಕ ಇಟ್ಟರು, ವರದಿ ಬರೆದರು" ಎಂದು ಬರೆದರೆ ಬರುತ್ತದೆ. ಯುರೋಪಿನಲ್ಲಿ 2007ರಿಂದ ಇರುವ ಯೂತ್‌ಪಾಸ್ ಎಂಬ ಪ್ರಮಾಣಪತ್ರದಲ್ಲಿ ಭಾಗವಹಿಸಿದವರು ತಾವೇ ಏನು ಕಲಿತೆವು ಎಂದು ಯೋಚಿಸಿ ಬರೆಯುತ್ತಾರೆ. ಹಾಗೆ ಬರೆಯುವುದೇ ಅರ್ಧ ಕಲಿಕೆ.

ತೀರ್ಮಾನ ಯಾರದ್ದು

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಇಲ್ಲಿ. ಅಮೆರಿಕದ ಶೆರ್ರಿ ಅರ್ನ್‌ಸ್ಟೈನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಏಣಿಯ ಮೆಟ್ಟಿಲುಗಳಾಗಿ ತೋರಿಸಿದರು. ಅದನ್ನೇ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಮಕ್ಕಳು ಮತ್ತು ಯುವಜನರಿಗೆ ಹೊಂದಿಸಿದರು. ಎಂಟು ಮೆಟ್ಟಿಲು. ಕೆಳಗಿನ ಮೂರನ್ನು ಅವರು ಪಾಲ್ಗೊಳ್ಳುವಿಕೆ ಎಂದೇ ಒಪ್ಪುವುದಿಲ್ಲ. ಮಕ್ಕಳಿಗೆ ಅರ್ಥವಾಗದ ಫಲಕ ಕೊಟ್ಟು ಮೆರವಣಿಗೆ ಮಾಡಿಸುವುದು ಒಂದು. ಟೀ ಶರ್ಟ್ ಹಾಕಿಸಿ ವೇದಿಕೆಯ ಅಲಂಕಾರಕ್ಕೆ ನಿಲ್ಲಿಸುವುದು ಇನ್ನೊಂದು. ಸಮಿತಿಯಲ್ಲಿ ಒಬ್ಬ ಯುವಕನನ್ನು ಹೆಸರಿಗೆ ಕೂರಿಸಿ ಅವನ ಮಾತಿಗೆ ಬೆಲೆ ಕೊಡದಿರುವುದು ಮೂರನೆಯದು. ಇದನ್ನು ಓದುವಾಗ ನಿಮಗೆ ನಿಮ್ಮ ಕಡೆಯ ಎಷ್ಟೋ ಕಾರ್ಯಕ್ರಮಗಳು ಕಣ್ಣ ಮುಂದೆ ಬಂದಿರಬಹುದು.

ಮೇಲಿನ ಮೆಟ್ಟಿಲು ಹತ್ತುತ್ತಾ ಹೋದಂತೆ ಕೆಲಸ ಯಾಕೆ ಮಾಡುತ್ತಿದ್ದೇವೆ ಎಂದು ಅವರಿಗೆ ಗೊತ್ತಿರುತ್ತದೆ, ಅವರ ಅಭಿಪ್ರಾಯ ಕೇಳುತ್ತಾರೆ, ಹಿರಿಯರ ಜೊತೆ ತೀರ್ಮಾನ ಹಂಚಿಕೊಳ್ಳುತ್ತಾರೆ, ಕೊನೆಗೆ ಅವರೇ ಶುರು ಮಾಡಿದ ಕೆಲಸಕ್ಕೆ ಹಿರಿಯರು ಜೊತೆಯಾಗುತ್ತಾರೆ. ಎಲ್ಲಾ ಕೆಲಸವೂ ತುದಿಯ ಮೆಟ್ಟಿಲಲ್ಲೇ ಇರಬೇಕಾಗಿಲ್ಲ. ಕೆಳಗಿನ ಮೂರರಲ್ಲಿ ಇರಬಾರದು, ಅಷ್ಟೇ.

ತೀರ್ಮಾನ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಬೋಸ್ಟನ್ ನಗರ ಒಳ್ಳೆಯ ಉದಾಹರಣೆ. ಜನರೇ ಸೇರಿ ನಗರದ ಬಜೆಟ್ಟಿನ ಒಂದು ಭಾಗವನ್ನು ತೀರ್ಮಾನಿಸುವ ಪದ್ಧತಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಲ್ಲಿ ಶುರುವಾಗಿತ್ತು. ಬೋಸ್ಟನ್ 2014ರಲ್ಲಿ ಅದನ್ನು ಯುವಜನರಿಗೇ ಮೀಸಲಿಟ್ಟಿತು. ನಗರದ ಕಾಮಗಾರಿ ಬಜೆಟ್ಟಿನಲ್ಲಿ 10 ಲಕ್ಷ ಡಾಲರ್ ಎತ್ತಿಟ್ಟು, 12ರಿಂದ 25 ವರ್ಷದವರು ಅದನ್ನು ಹೇಗೆ ಖರ್ಚು ಮಾಡಬೇಕೆಂದು ಹೇಳಲಿ ಎಂದಿತು. ಮೊದಲು ಎಲ್ಲಾ ಕಡೆಯಿಂದ ಐಡಿಯಾ ಸಂಗ್ರಹ. ಆಮೇಲೆ ಯುವ ಸ್ವಯಂಸೇವಕರ ತಂಡಗಳು ನಗರದ ಅಧಿಕಾರಿಗಳ ಜೊತೆ ಕೂತು, ಯಾವುದು ಆಗುತ್ತದೆ, ಎಷ್ಟು ಖರ್ಚು, ಯಾರ ಅನುಮತಿ ಬೇಕು ಎಂದು ಲೆಕ್ಕ ಹಾಕಿ ಪ್ರಸ್ತಾವ ಬರೆದವು. ಆಮೇಲೆ ಮತದಾನ. ಆಟದ ಮೈದಾನದ ದುರಸ್ತಿ, ಶಾಲೆಗಳಿಗೆ ಲ್ಯಾಪ್‌ಟಾಪ್, ಗೋಡೆಚಿತ್ರಗಳಿಗೆ ಜಾಗ ಇಂಥವು ಗೆದ್ದವು.

ಇದರಲ್ಲಿ ನನಗೆ ಮುಖ್ಯ ಅನಿಸುವುದು ನಡುವಿನ ಹಂತ. ಐಡಿಯಾ ಕೊಡುವುದು ಸುಲಭ, ಮತ ಹಾಕುವುದೂ ಸುಲಭ. ಆದರೆ ಹದಿನಾರರ ಹುಡುಗಿ ಒಂದು ಪಾರ್ಕಿನ ದೀಪಕ್ಕೆ ಎಷ್ಟು ಖರ್ಚಾಗುತ್ತದೆ, ಆ ಜಾಗ ಯಾವ ಇಲಾಖೆಯದ್ದು ಎಂದು ಎಂಜಿನಿಯರ್ ಬಳಿ ಕೇಳಿ ತಿಳಿದು, ತನ್ನ ಪ್ರೀತಿಯ ಐಡಿಯಾವನ್ನು ದುಡ್ಡು ಸಾಲದ್ದಕ್ಕೆ ಅರ್ಧಕ್ಕೆ ಇಳಿಸಿದಾಗ ಅವಳಿಗೆ ಸರ್ಕಾರ ಹೇಗೆ ನಡೆಯುತ್ತದೆ ಎಂದು ಗೊತ್ತಾಗುತ್ತದೆ. ಪೌರನೀತಿ ಪಾಠದಲ್ಲಿ ಇದು ಸಿಗುವುದಿಲ್ಲ.

ತೈವಾನ್‌ನದ್ದು ಇನ್ನೊಂದು ಬಗೆ. ಅಲ್ಲಿ ಸರ್ಕಾರ 2015ರಿಂದ ಜಾಯಿನ್ ಎಂಬ ಆನ್‌ಲೈನ್ ವೇದಿಕೆ ನಡೆಸುತ್ತಿದೆ. ಯಾರಾದರೂ ಅಲ್ಲಿ ಮನವಿ ಹಾಕಬಹುದು. 5,000 ಜನ ಬೆಂಬಲಿಸಿದರೆ ಸಂಬಂಧಪಟ್ಟ ಇಲಾಖೆ ಉತ್ತರ ಕೊಡಲೇಬೇಕು. 2017ರಲ್ಲಿ ಹೈಸ್ಕೂಲು ವಿದ್ಯಾರ್ಥಿನಿಯೊಬ್ಬಳು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಪಾತ್ರೆ, ಸ್ಟ್ರಾಗಳನ್ನು ನಿಲ್ಲಿಸಬೇಕೆಂದು ಮನವಿ ಹಾಕಿದಳು. ಬೆಂಬಲ 5,000 ದಾಟಿತು. ಇಲಾಖೆ ಅವಳನ್ನೂ, ತಯಾರಕರನ್ನೂ ಒಂದೇ ಮೇಜಿಗೆ ಕರೆಯಿತು. 2019ರ ಜುಲೈಯಿಂದ ಸರ್ಕಾರಿ ಕಚೇರಿ, ಶಾಲೆ, ಮಾಲ್, ಫಾಸ್ಟ್ ಫುಡ್ ಸರಣಿಗಳಲ್ಲಿ ಕೂತು ತಿನ್ನುವವರಿಗೆ ಪ್ಲಾಸ್ಟಿಕ್ ಸ್ಟ್ರಾ ಕೊಡುವುದು ನಿಂತಿತು. ಅಲ್ಲಿ ಮತದಾನದ ವಯಸ್ಸು 20. ಅವಳಿಗೆ ಇನ್ನೂ ಮತವೇ ಇರಲಿಲ್ಲ! ಈ ಕಥೆಯಲ್ಲಿ ತಂತ್ರಜ್ಞಾನ ಮಾಡಿದ್ದು ಸ್ವಲ್ಪ. ಜಾಸ್ತಿ ಮಾಡಿದ್ದು "ಉತ್ತರ ಕೊಡಲೇಬೇಕು" ಎಂಬ ನಿಯಮ. ಆ ನಿಯಮ ಇಲ್ಲದಿದ್ದರೆ ಅದು ಇನ್ನೊಂದು ಲೈಕ್ ಬಟನ್ ಆಗಿ ಉಳಿಯುತ್ತಿತ್ತು.

ಎಚ್ಚರ ಬೇಕಾದ ಕಡೆ

ಸ್ವಯಂಸೇವೆಯ ಹೆಸರಲ್ಲಿ ಸಂಬಳದ ಕೆಲಸವನ್ನು ಪುಕ್ಕಟೆ ಮಾಡಿಸಬಾರದು. ಒಂದು ಕಚೇರಿಯ ಜಾಲತಾಣವನ್ನು ವರ್ಷವಿಡೀ ನೋಡಿಕೊಳ್ಳುವುದು ಉದ್ಯೋಗ, ಅದಕ್ಕೆ ಸಂಬಳ ಕೊಡಬೇಕು. 18 ತುಂಬದವರು ಬರುವ ಕಡೆ ಮನೆಯವರ ಒಪ್ಪಿಗೆ, ಒಬ್ಬರೇ ಹಿರಿಯರ ಜೊತೆ ಮಕ್ಕಳನ್ನು ಬಿಡದಿರುವುದು, ಕೇಳದೆ ಫೋಟೊ ಹಾಕದಿರುವುದು ಇವು ಶುರುವಿನ ದಿನವೇ ಬರೆದಿಟ್ಟ ನಿಯಮಗಳಾಗಿರಬೇಕು. ಹುಡುಗರು ಮನೆ ಮನೆಗೆ ಹೋಗಿ ಮಾಹಿತಿ ಸಂಗ್ರಹಿಸುತ್ತಾರೆ ಅಂದರೆ ಆ ಮಾಹಿತಿ ಯಾರ ಕೈಯಲ್ಲಿ ಇರುತ್ತದೆ, ಯಾವಾಗ ಅಳಿಸುತ್ತೀರಿ ಎಂದು ಅವರಿಗೂ ಜನರಿಗೂ ಮೊದಲೇ ಹೇಳಬೇಕು. ಗಲಭೆ, ಯುದ್ಧದಂಥ ಸಂದರ್ಭದಲ್ಲಿ ಯಾರು ಎಲ್ಲಿದ್ದಾರೆ ಎಂದು ನಕ್ಷೆಯಲ್ಲಿ ಹಾಕುವುದು ಅವರ ಪ್ರಾಣಕ್ಕೇ ಕುತ್ತಾಗಬಹುದು. ಸಹಾಯ ಮಾಡುವ ಉತ್ಸಾಹದಲ್ಲಿ ಇದು ಮರೆತುಹೋಗುತ್ತದೆ. ಕಲಿಸುವವರು ಮತ್ತೆ ಮತ್ತೆ ನೆನಪಿಸಬೇಕು.

ಏನನ್ನು ಎಣಿಸಬೇಕು

ವರ್ಷದ ಕೊನೆಗೆ ವರದಿ ಬರೆಯುವಾಗ ಸಂಸ್ಥೆಗಳು ತಲೆ ಎಣಿಸುತ್ತವೆ. ಇಷ್ಟು ಜನ ಬಂದರು, ಇಷ್ಟು ಗಂಟೆ ದುಡಿದರು. ಅದರಿಂದ ಗೊತ್ತಾಗುವುದು ಕಡಿಮೆ. ಮೊದಲ ದಿನ ಬಂದವರಲ್ಲಿ ಎಷ್ಟು ಮಂದಿ ಮೂರನೆಯ ತಿಂಗಳಲ್ಲೂ ಇದ್ದರು? ಬಿಟ್ಟು ಹೋದವರಲ್ಲಿ ಹುಡುಗಿಯರು ಎಷ್ಟು, ದೂರದಿಂದ ಬರುತ್ತಿದ್ದವರು ಎಷ್ಟು? ಹಿಂದೆಂದೂ ಇಂಥ ಕೆಲಸಕ್ಕೆ ಬಂದಿರದವರು ಎಷ್ಟು? ಈ ವರ್ಷ ಯುವಜನರು ಹೇಳಿದ್ದರಿಂದ ಬದಲಾದ ತೀರ್ಮಾನ ಯಾವುದು? ಕೊನೆಯ ಪ್ರಶ್ನೆಗೆ ಒಂದೂ ಉತ್ತರ ಇಲ್ಲ ಅಂದರೆ ಆ ಕಾರ್ಯಕ್ರಮ ಹಾರ್ಟ್ ಹೇಳಿದ ಕೆಳಗಿನ ಮೂರು ಮೆಟ್ಟಿಲಲ್ಲೇ ಇದೆ.

ಅವರು ಕೇಳಿದ್ದೆಲ್ಲಾ ಆಗಲೇಬೇಕು ಎಂದಲ್ಲ. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಹೇಳಬೇಕು, ಅದೂ ಬೇಗ. ಫುಟ್‌ಪಾತಿನ ನಕ್ಷೆ ಮಾಡಿದ ಹುಡುಗರ ವರದಿ ಸ್ಥಳೀಯ ಆಡಳಿತಕ್ಕೆ ಹೋದ ಮೇಲೆ ಒಂದು ತಿಂಗಳೊಳಗೆ ಒಬ್ಬ ಅಧಿಕಾರಿ ಬಂದು ಅವರ ಜೊತೆ ಕೂರಲಿ. ಈ ಆರು ಕಡೆ ಈ ವರ್ಷ ಸರಿಮಾಡುತ್ತೇವೆ, ಈ ಎರಡು ನಮ್ಮ ಕೈಯಲ್ಲಿಲ್ಲ, ರಸ್ತೆ ಬೇರೆ ಇಲಾಖೆಯದ್ದು ಎಂದು ಹೇಳಲಿ. ಆ ಎರಡಕ್ಕೆ ಯಾರಿಗೆ ಅರ್ಜಿ ಬರೆಯಬೇಕು ಎಂದೂ ಹೇಳಿಕೊಡಲಿ. ಆಗ ಅಂಥ ಹುಡುಗರು ಮುಂದಿನ ಅರ್ಜಿಯನ್ನು ಯಾರೂ ಹೇಳದೆ ತಾವೇ ಬರೆಯುತ್ತಾರೆ.